ಜೂನ್ ಒಂದರಂದು ಹುಟ್ಟಿದ ಮನೆ

ಮನುಷ್ಯ ಸುಳ್ಳು ಹೇಳುವುದು ದುರಾಸೆಯಿಂದ ಎಂದು ದೊಡ್ಡವರೆಲ್ಲ ಹೇಳಿಕೊಂಡು ಬಂದಿದ್ದಾರೆ. ಅವರಲ್ಲಿ ಒಬ್ಬರೂ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿದವರಲ್ಲ. ನನ್ನ ಅನುಭವದಲ್ಲಿ ಮನುಷ್ಯ ಸುಳ್ಳು ಹೇಳುವುದು ಖಾಲಿ ಬಿಡಲು ಬಾರದ ಒಂದು ಚೌಕದ ಮುಂದೆ ಕುಳಿತಾಗ. ಆ ಚೌಕದಲ್ಲಿ 'ಗೊತ್ತಿಲ್ಲ' ಎಂದು ಬರೆದರೆ ಅದು ಕೆಂಪಾಗುತ್ತದೆ. 'ಸುಮಾರು' ಎಂದರೆ ಕೆಂಪಾಗುತ್ತದೆ. ಏನೂ ಬರೆಯದಿದ್ದರೆ ಮೈಯೆಲ್ಲ ಕೆಂಪಾಗಿ ನಡುಗುತ್ತದೆ. ಸುಳ್ಳು ಬರೆದ ಕ್ಷಣವೇ ಹಸಿರಾಗುತ್ತದೆ. ಐವತ್ತೈದು ದಾಟಿದ ವಯಸ್ಸಿನಲ್ಲಿ, ಒಂದು ದಿನವೂ ಟಿಕೆಟ್ ಇಲ್ಲದೆ ರೈಲು ಹತ್ತದ ನಾನು, ಜರ್ಮನ್ ಸರ್ಕಾರಕ್ಕೆ ಇಂಥ ಒಂದು ಹಸಿರು ಸುಳ್ಳು ಹೇಳಿದೆ. ಅದೂ ನನ್ನ ವಿಷಯದಲ್ಲಿ ಅಲ್ಲ, ನನ್ನ ಮನೆಯ ವಿಷಯದಲ್ಲಿ. ನನ್ನ ವಿಷಯದ ಸುಳ್ಳು ಬೇರೆಯೇ ಇದೆ. ಅದು ಬಹಳ ಹಳೆಯದು, ಅದನ್ನು ಹೇಳಿದವನು ನಾನೂ ಅಲ್ಲ. ಆ ಮಾತು ಆಮೇಲೆ ಬರುತ್ತದೆ.

ಮೊದಲು ಮನೆಯ ವಿಚಾರ. ನಾವು ಗದಗಿನ ಕಡೆಯವರು. ಇಪ್ಪತ್ತು ವರ್ಷ ಫ್ರಾಂಕ್‌ಫರ್ಟಿನ ಸುತ್ತಮುತ್ತ ಬಾಡಿಗೆ ಮನೆಗಳಲ್ಲಿದ್ದು, ಗೋಡೆಗೊಂದು ಮೊಳೆ ಹೊಡೆಯಲೂ ಮಾಲೀಕರ ಅಪ್ಪಣೆ ಬೇಡಿ ಬೇಸತ್ತು, ಕೊನೆಗೆ ನನ್ನ ಆಫೀಸಿರುವ ಎಷ್‌ಬಾರ್ನಿನಿಂದ ಅರ್ಧ ಗಂಟೆಯ ರೈಲು ದಾರಿಯಲ್ಲಿ ಒಂದು ಹಳೆಯ ಮನೆ ಕೊಂಡೆವು. ಒಂದೇ ಅಚ್ಚಿನ ಹದಿನೆಂಟು ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತ ಬೀದಿ ಅದು. ಕೀಲಿಕೈ ಸಿಕ್ಕ ದಿನ ನನ್ನ ಹೆಂಡತಿ ಗಿರಿಜಾ ಒಳಗೆಲ್ಲ ಒಂದು ಸುತ್ತು ಹಾಕಿ ಬಂದು, "ಅಡಗಿಮನಿ ಎಲ್ಲೈತ್ರಿ?" ಎಂದು ಕೇಳಿದಳು. ನಾನು ಒಂದು ಕೋಣೆ ತೋರಿಸಿದೆ. ಅಲ್ಲಿ ನಾಲ್ಕು ಗೋಡೆ, ಗೋಡೆಯಿಂದ ಹೊರಗೆ ಇಣುಕುವ ಒಂದು ನೀರಿನ ಕೊಳವೆ, ಎರಡು ವೈರು ಇದ್ದವು. ಈ ದೇಶದಲ್ಲಿ ಮನೆ ಬಿಡುವವರು ಅಡುಗೆಮನೆಯನ್ನು ಕಪಾಟು, ಕಟ್ಟೆ ಸಮೇತ ಬಿಚ್ಚಿಕೊಂಡು ಹೋಗುವುದುಂಟು.

"ಹೊತಗೊಂಡು ಹೋಗ್ಯಾರ," ಎಂದೆ.

"ಅಡಗಿಮನೀನ?"

"ಹೂಂ."

"ಸಿಂಕೂ?"

"ಹೂಂ."

ಆಕೆ ಆ ಕೊಳವೆಯನ್ನು ಮುಟ್ಟಿ ನೋಡಿ, "ಗೋಡಿ ಬಿಟ್ಟು ಹೋಗ್ಯಾರಲ್ಲ, ಪುಣ್ಯಾತ್ಮರು," ಎಂದಳು.

ಕೈಯಲ್ಲಿ ಉಳಿದಿದ್ದ ಹಣ ಅಡುಗೆಮನೆಗೆ ಎಂದು ಮೊದಲೇ ಮಾತಾಗಿತ್ತು. ಆದರೆ ದುರದೃಷ್ಟವಶಾತ್ ನಾನು ಪತ್ರಿಕೆ ಓದುವ ಮನುಷ್ಯ. ಸ್ವಂತ ವಾಸದ ಹಳೆಯ ಮನೆಗೆ ಶಾಖ ಉಳಿಸುವ ಕೆಲಸ ಮಾಡಿಸಿದರೆ ಖರ್ಚಿನ ಐದನೆಯ ಒಂದು ಪಾಲನ್ನು ಮೂರು ವರ್ಷಗಳಲ್ಲಿ ತೆರಿಗೆಯಲ್ಲಿ ಬಿಟ್ಟುಕೊಡುತ್ತೇವೆ ಎಂದು ಇಲ್ಲಿನ ಸರ್ಕಾರ ಹೇಳುತ್ತದೆ. ನಮ್ಮ ಕಿಟಕಿಗಳೋ, ಮುಚ್ಚಿದರೂ ಪರದೆ ಹಾರುವಂಥವು. ನಾನು ಗಿರಿಜಾಳನ್ನು ಕೂರಿಸಿಕೊಂಡು ಕಾಗದದ ಮೇಲೆ ಬಾಣಗಳನ್ನು ಎಳೆದು ವಿವರಿಸಿದೆ. ಮೊದಲು ಕಿಟಕಿ, ಆಮೇಲೆ ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರ್ ತೆಗೆಸಿ ವಿದ್ಯುತ್ತಿನ ಹೀಟ್ ಪಂಪ್, ತೆರಿಗೆ ವಾಪಸು ಬಂದ ಕೂಡಲೇ ಅಡುಗೆಮನೆ. "ಯಾವಾಗ ಬರತೈತಿ?" ಎಂದಳು. "ಮುಂದಿನ ವರ್ಷ," ಎಂದೆ. "ಖರೇ?" ಎಂದಳು. ನಾನು ಬಹಳ ಗಂಭೀರವಾಗಿ, "ಇದು ಜರ್ಮನಿ, ಗಿರಿಜಾ," ಎಂದೆ. ಆ ಮಾತನ್ನು ಆಕೆ ಆಮೇಲೆ ಎರಡು ಚಳಿಗಾಲ, ಒಂದು ಅಕ್ಷರವೂ ಬದಲಾಗದಂತೆ, ಸಮಯ ನೋಡಿ ನೋಡಿ ನನಗೇ ಹಿಂದಿರುಗಿಸಿದಳು.

ಹೀಟ್ ಪಂಪ್ ಬಂದ ದಿನ ಗ್ಯಾಸಿನ ಸಂಪರ್ಕವನ್ನು ಕತ್ತರಿಸಿ ಕೊಳವೆಗೆ ಮುಚ್ಚಳ ಹಾಕಿದರು. ಅದರಿಂದ ಭೂಮಂಡಲಕ್ಕೆ ಒಳ್ಳೆಯದೇ ಆಗಿರಬೇಕು. ಜೋಳದ ರೊಟ್ಟಿಗೆ ಆಗಲಿಲ್ಲ. ತೋಟದಲ್ಲಿ ಹಾಕುವ ಪ್ಲಾಸ್ಟಿಕ್ ಮೇಜೊಂದನ್ನು ಆ ಖಾಲಿ ಕೋಣೆಗೆ ತಂದು, ಅದರ ಮೇಲೆ ಎರಡು ತಟ್ಟೆಯ ವಿದ್ಯುತ್ ಒಲೆ ಇಟ್ಟು ಅನ್ನ ಸಾರು ಮಾಡುತ್ತಿದ್ದೆವು. ಪಾತ್ರೆಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ನೆಲಮಾಳಿಗೆಗೆ ಇಳಿದು ಬಟ್ಟೆ ಒಗೆಯುವ ತೊಟ್ಟಿಯಲ್ಲಿ ತೊಳೆಯುವುದು ನನ್ನ ಪಾಲಿನ ಪ್ರಾಯಶ್ಚಿತ್ತ. ಆದರೆ ರೊಟ್ಟಿಗೆ ಉರಿ ಬೇಕು. ಉರಿಯ ಮೇಲೆ ಉಬ್ಬದ ರೊಟ್ಟಿಯನ್ನು ಗಿರಿಜಾ ರೊಟ್ಟಿ ಎಂದು ಕರೆಯುವುದಿಲ್ಲ. ಅದಕ್ಕೆ ಆಕೆ ಬಳಸುವ ಮಾತನ್ನು ಅಚ್ಚಿನಲ್ಲಿ ಹಾಕಲು ಬರುವುದಿಲ್ಲ. ಹಾಗಾಗಿ ಹಿತ್ತಲ ಕಟ್ಟೆಯ ಮೇಲೆ, ಡೇರೆ ಹಾಕಿಕೊಂಡು ಅಲೆಯುವವರು ಒಯ್ಯುವ ಪುಟ್ಟ ಗ್ಯಾಸ್ ಒಲೆ ಹಚ್ಚಿ, ದಪ್ಪ ಕೋಟು, ಕಿವಿ ಮುಚ್ಚುವ ಟೋಪಿ ತೊಟ್ಟು, ಆಕೆ ರೊಟ್ಟಿ ಬಡಿಯತೊಡಗಿದಳು. ಮೊದಲ ಭಾನುವಾರವೇ ಪಕ್ಕದ ಮನೆಯ ಫ್ರೌ ಕ್ರೇಮರ್, ಅಂದರೆ ಶ್ರೀಮತಿ ಕ್ರೇಮರ್, ಬೇಲಿಯಾಚೆಯಿಂದ ಇಣುಕಿದರು. ಎಂಬತ್ತು ದಾಟಿದ ಒಂಟಿ ಹೆಂಗಸು. ಭಾನುವಾರ ಸದ್ದು ಮಾಡಬಾರದು, ಈ ಡೋಲು ಯಾರು ಬಾರಿಸುತ್ತಿದ್ದಾರೆ ಎಂದು ಕೇಳಲು ಬಂದಿದ್ದರು. ಗಿರಿಜಾ ಬಿಸಿ ರೊಟ್ಟಿಯೊಂದಕ್ಕೆ ಬೆಣ್ಣೆ, ಶೇಂಗಾ ಚಟ್ನಿ ಹಚ್ಚಿ ಬೇಲಿ ದಾಟಿಸಿದಳು. ಮುಂದಿನ ಭಾನುವಾರ ಡೋಲು ತಡವಾದಾಗ, ಇವತ್ತು ಯಾಕೆ ಸದ್ದಿಲ್ಲ ಎಂದು ಅವರೇ ಬಂದು ವಿಚಾರಿಸಿದರು.

ಹೀಗೆ ಒಂದು ಚಳಿಗಾಲ ಕಳೆದು ತೆರಿಗೆಯ ಕಾಲ ಬಂತು. ನಾನು ತೆರಿಗೆ ತುಂಬುವ ಒಂದು ಸಾಫ್ಟ್‌ವೇರ್ ಕೊಂಡೆ. ಅದರ ಹೆಸರು ಹೇಳುವುದಿಲ್ಲ. ಅದರ ಚಿಹ್ನೆ ಒಂದು ಅಳಿಲು ಎಂದಷ್ಟೇ ಹೇಳುತ್ತೇನೆ. 'ಅಳಿಲು ಸೇವೆ' ಎಂಬ ಮಾತಿರುವ ಭಾಷೆಯಿಂದ ಬಂದವನಾದ್ದರಿಂದ ನನಗೆ ಆ ಪ್ರಾಣಿಯ ಮೇಲೆ ವಿಶ್ವಾಸ ಹುಟ್ಟಿದ್ದು ಸಹಜ. ಪುಟ ತಿರುಗಿದಂತೆಲ್ಲ ಅದು ಬಾಲವೆತ್ತಿ, 'ಭೇಷ್! ಅರ್ಧ ದಾರಿ ಮುಗಿಯಿತು!' ಎಂದು ಹುರಿದುಂಬಿಸುತ್ತಿತ್ತು. ನನ್ನ ಹೆಸರು, ವಿಳಾಸ, ಜನ್ಮದಿನಾಂಕ, ಸಂಬಳ ಎಲ್ಲವನ್ನೂ ಅದು ಸರ್ಕಾರದಿಂದ ತಾನೇ ತಂದು ತುಂಬಿಕೊಂಡಿತು. ಕಿಟಕಿಯವನ ಬಿಲ್ಲು, ಹೀಟ್ ಪಂಪಿನವನ ಸರ್ಟಿಫಿಕೇಟು, ಬ್ಯಾಂಕಿನಿಂದ ದುಡ್ಡು ಕಳಿಸಿದ ಪುರಾವೆ ಎಲ್ಲ ಜೋಡಿಸಿಕೊಂಡು ಕುಳಿತಿದ್ದೆ. ಎಲ್ಲಕ್ಕೂ ಹಸಿರು ಬಿತ್ತು. ಗಿರಿಜಾ ಪಕ್ಕದಲ್ಲಿ ಕುಳಿತು ಅಡುಗೆಮನೆ ಅಂಗಡಿಯ ಕ್ಯಾಟಲಾಗಿನಲ್ಲಿ ಕಪಾಟಿನ ಬಣ್ಣ ಆರಿಸುತ್ತಿದ್ದಳು. ಆಗ ಆ ಚೌಕ ಬಂತು. 'ಕಟ್ಟಡದ ನಿರ್ಮಾಣ ಆರಂಭವಾದ ದಿನಾಂಕ.' ದಿನ, ತಿಂಗಳು, ವರ್ಷ.

ಮನೆಗೆ ಹತ್ತು ವರ್ಷವಾದರೂ ತುಂಬಿರಬೇಕು, ಆಗಲೇ ಈ ರಿಯಾಯಿತಿ. ನಮ್ಮ ಮನೆಯನ್ನು ನೋಡಿದ ಕುರುಡನೂ ಅದಕ್ಕೆ ಅರವತ್ತಕ್ಕೆ ಕಡಿಮೆಯಿಲ್ಲ ಎಂದು ಹೇಳಿಯಾನು. ಆದರೆ ಅಳಿಲಿಗೆ ವಯಸ್ಸು ಬೇಡ, ತಾರೀಖು ಬೇಕು. ಕ್ರಯಪತ್ರದಲ್ಲಿ 'ಸುಮಾರು' ಎಂಬ ಪದದ ಮುಂದೆ ಒಂದು ಇಸವಿ ಇತ್ತು. ಇಸವಿ ಮಾತ್ರ ಹಾಕಿದೆ, ಕೆಂಪು. ದಿನ ಮತ್ತು ತಿಂಗಳಿಗೆ ಸೊನ್ನೆಗಳನ್ನು ಹಾಕಿದೆ, ಕೆಂಪು. ಅಳಿಲು ಬಾಲ ಇಳಿಬಿಟ್ಟು, 'ಅಯ್ಯೋ! ಇಲ್ಲಿ ಏನೋ ಸರಿಯಿಲ್ಲ. ದಯವಿಟ್ಟು ನಿಮ್ಮ ದಾಖಲೆ ನೋಡಿ,' ಎಂದಿತು. ಸಹಾಯವಾಣಿಗೆ ಫೋನ್ ಮಾಡಿ ನಲವತ್ತು ನಿಮಿಷ ಪಿಟೀಲು ಕೇಳಿದ ಮೇಲೆ ಒಬ್ಬ ಹೆಂಗಸು ಸಿಕ್ಕು, "ತಾರೀಖು ನಿಮ್ಮ ದಾಖಲೆಯಲ್ಲಿರುತ್ತದೆ," ಎಂದರು. ದಾಖಲೆಯಲ್ಲಿ ಇಲ್ಲ ಎಂದೆ. "ಹಾಗಾದರೆ ಸರಿಯಾದ ದಾಖಲೆ ನೋಡಿ," ಎಂದರು. ನಗರಸಭೆಯ ಕಟ್ಟಡ ವಿಭಾಗಕ್ಕೆ ಬರೆದೆ. ಆ ಬೀದಿಯ ಕಡತಗಳು ಹಿಂದೊಮ್ಮೆ ನೆಲಮಾಳಿಗೆಗೆ ನುಗ್ಗಿದ ನೀರಿನಲ್ಲಿ ಹಾಳಾದವೆಂದು ಉತ್ತರ ಬಂತು, ಹಾಗೆಂದು ತಿಳಿಸಿದ್ದಕ್ಕೆ ಶುಲ್ಕದ ಚೀಟಿಯ ಸಮೇತ. ಗಿರಿಜಾಳ ಕ್ಯಾಟಲಾಗು ಅಷ್ಟರಲ್ಲಿ ಮೇಜಿನ ಅಲುಗಾಡುವ ಕಾಲಿನ ಕೆಳಗೆ ಹೋಗಿತ್ತು.

ಇಲ್ಲಿ ನನ್ನ ಹಳೆಯ ಸುಳ್ಳನ್ನು ಹೇಳಿಬಿಡಬೇಕು. ನಾನು ಶಾಲೆಗೆ ಸೇರುವ ದಿನ ಅಪ್ಪ ನನ್ನನ್ನು ಹೆಡ್‌ಮಾಸ್ತರರ ಮುಂದೆ ನಿಲ್ಲಿಸಿದ್ದರು. ಅಪ್ಪನದು ಊರ ಬಸ್ ಸ್ಟ್ಯಾಂಡಿನಲ್ಲಿ ಸೈಕಲ್ ರಿಪೇರಿ ಅಂಗಡಿ. "ಹುಟ್ಟಿದ್ದು ಯಾವಾಗ?" ಎಂದು ಮಾಸ್ತರರು ಕೇಳಿದರು. ಅಪ್ಪ ಯೋಚಿಸಿ, "ಜ್ವಾಳಾ ಕೊಯ್ಯೂ ದಿನದಾಗ್ರಿ. ಅಮಾಸಿ ಹಿಂದಿನ ದಿನಾ. ಬೆಳಗಿನ ಫಸ್ಟ್ ಬಸ್ ಬರೂ ಹೊತ್ತಿಗೆ," ಎಂದರು. ಎಷ್ಟು ಸವಿವರವಾದ ಉತ್ತರ! ಈ ಮೂರು ಸಂಗತಿಯಲ್ಲಿ ಒಂದೂ ಆ ಚೌಕಕ್ಕೆ ಹಿಡಿಸಲಿಲ್ಲ. ಮಾಸ್ತರರು ಮಸಿಯಲ್ಲಿ ಪೆನ್ನು ಅದ್ದಿ ಜೂನ್ ಒಂದು ಎಂದು ಬರೆದರು. ಶಾಲೆ ಶುರುವಾಗುವುದು ಜೂನ್ ಒಂದಕ್ಕೆ, ಆದ್ದರಿಂದ ಹುಡುಗರು ಹುಟ್ಟುವುದೂ ಅವತ್ತೇ. ನನ್ನ ವರ್ಗದ ಅರ್ಧದಷ್ಟು ಹುಡುಗರು ಆ ಒಂದೇ ದಿನ ಜನಿಸಿದವರು. ಅಪ್ಪ ಹಿಂಜರಿಯುತ್ತ, "ಇದು ಖರೇ ಅಲ್ಲಲ್ರೀ ಸರ್," ಎಂದಾಗ ಮಾಸ್ತರರು ಕನ್ನಡಕದ ಮೇಲಿನಿಂದ ನೋಡಿ, "ಸರ್ಕಾರ ತಾರೀಖು ಕೇಳೈತಿ. ಖರೇ ತಾರೀಖು ಅಂತ ಎಲ್ಲೆ ಬರದೈತಿ ತೋರಸು," ಎಂದರು. ಆ ಒಂದು ಬರಹದಿಂದ ನಾನು ಹುಟ್ಟುವುದಕ್ಕೆ ಎಂಟು ತಿಂಗಳು ಮುಂಚೆಯೇ ಹುಟ್ಟಿದೆ. ಅಲ್ಲಿಂದ ಮುಂದೆ ಪಾಸ್‌ಪೋರ್ಟು, ವೀಸಾ, ಮದುವೆ ನೋಂದಣಿ, ಪಿಂಚಣಿ, ಎಲ್ಲದರಲ್ಲೂ ಅದೇ ದಿನ. ಎರಡು ದೇಶಗಳಲ್ಲಿ ಯಾರೊಬ್ಬರೂ ಅದನ್ನು ಅನುಮಾನಿಸಿಲ್ಲ.

ಮನೆಯ ಈ ಸಂಕಟವನ್ನು ಒಂದು ಮಧ್ಯಾಹ್ನ ಆಫೀಸಿನ ಕ್ಯಾಂಟೀನಿನಲ್ಲಿ ಮಂಜುನಾಥನಿಗೆ ಹೇಳಿಕೊಂಡೆ. ಮಂಜುನಾಥ ಮೈಸೂರಿನವನು, ನನ್ನ ಸಹೋದ್ಯೋಗಿ. ಆಲೂಗಡ್ಡೆ ಸಲಾಡಿಗೆ ಉಪ್ಪಿನಕಾಯಿ ಕಲಸಿಕೊಂಡು ತಿನ್ನುವಷ್ಟು ಧೈರ್ಯಸ್ಥ. "ಇಷ್ಟಕ್ಕೆಲ್ಲ ಯಾಕೆ ಸಾರ್ ತಲೆ ಕೆಡಿಸ್ಕೋತೀರಾ?" ಎಂದ. "ಜೂನ್ ಒಂದು ಹಾಕಿ ಬಿಸಾಕಿ. ನಮ್ಮಪ್ಪಂದೂ ಅದೇ, ನಮ್ಮ ಮಾವಂದೂ ಅದೇ. ಇಬ್ರೂ ಆರಾಮಾಗಿ ಪೆನ್ಷನ್ ತಗೊಂಡ್ರು. ಏನಾಯ್ತು?" ನಾನು ತೋರಿಕೆಗೆ ಒಂದೆರಡು ಆಕ್ಷೇಪ ಎತ್ತಿದೆ. ಒಳಗೊಳಗೆ ಮನಸ್ಸು ಆಗಲೇ ಆ ಶಾಲೆಯ ಮೇಜಿನ ಬಳಿ ಹೋಗಿ ನಿಂತಿತ್ತು. ಆ ಶನಿವಾರ ನಾನು ಹೆಡ್‌ಮಾಸ್ತರರ ಸ್ಥಾನದಲ್ಲಿ ಕುಳಿತು, ಎದುರಿಗೆ ಮುಗ್ಧವಾಗಿ ನಿಂತಿದ್ದ ಮನೆಗೆ, ಕ್ರಯಪತ್ರದ ಇಸವಿಯ ಹಿಂದೆ ಜೂನ್ ಒಂದನ್ನು ಸೇರಿಸಿ, ಜನ್ಮದಿನಾಂಕ ಕರುಣಿಸಿದೆ.

ಚೌಕ ಹಸಿರಾಯಿತು. ಅಳಿಲು ಬಾಲವೆತ್ತಿತು. ಎತ್ತಿದ ಬಾಲ ಅಲ್ಲಿಯೇ ನಿಂತು, ತೆರೆಯ ಮೇಲೆ ಒಂದು ಹಳದಿ ಪಟ್ಟಿ ಮೂಡಿತು: 'ನೀವು ಕೊಟ್ಟ ದಿನ ಮತ್ತು ತಿಂಗಳು ನಿಮ್ಮ ಜನ್ಮದಿನಾಂಕದೊಂದಿಗೆ ಹೊಂದುತ್ತವೆ. ಕಟ್ಟಡದ ಬದಲು ನಿಮ್ಮದನ್ನು ಬರೆದಿರುವಿರಾ?' ಅರ್ಧ ಶತಮಾನದಲ್ಲಿ ಯಾವ ಅಧಿಕಾರಿಯೂ ಹಿಡಿಯದ ವಾಸನೆಯನ್ನು ಒಂದು ಅಳಿಲು ಹಿಡಿದಿತ್ತು. ಆದರೆ ಹಿಡಿದದ್ದು ತಪ್ಪು ತುದಿಯನ್ನು! ಅದರ ಲೆಕ್ಕದಲ್ಲಿ ನನ್ನ ತಾರೀಖು ಸತ್ಯ, ಮನೆಯದರ ಮೇಲೆ ಅನುಮಾನ. ಕೆಳಗೆ ಎರಡು ಗುಂಡಿಗಳಿದ್ದವು: 'ಸರಿಪಡಿಸುತ್ತೇನೆ', 'ಇಲ್ಲ, ಎರಡೂ ನಿಜ'. ನಾನು ಎರಡನೆಯದನ್ನು ಒತ್ತಿದೆ. ಒಂದು ಸುಳ್ಳು ಹೇಳಲು ಹೋದವನಿಂದ ಎರಡಕ್ಕೂ ಸಹಿ ಹಾಕಿಸಿಕೊಂಡು ಅದು, 'ಭೇಷ್! ಎಲ್ಲ ಮುಗಿಯಿತು!' ಎಂದು ಕುಣಿಯಿತು.

ಆರು ವಾರದ ಮೇಲೆ ಫಿನಾನ್ಸ್‌ಆಮ್ಟ್, ಅಂದರೆ ಇಲ್ಲಿನ ತೆರಿಗೆ ಕಚೇರಿ, ಪತ್ರ ಬರೆಯಿತು. 'ಮಾನ್ಯರೇ, ಕಟ್ಟಡದ ಆರಂಭದ ದಿನಾಂಕದ ಬಗ್ಗೆ ಸೂಚನೆಯೊಂದು ಬಂದಿದೆ. ಜೂನ್ ಒಂದು ಎಂಬುದು ನಿಮಗೆ ಹೇಗೆ ತಿಳಿಯಿತೆಂದು ಆಧಾರ ಸಹಿತ ವಿವರಿಸಬೇಕು. ಅಲ್ಲಿಯವರೆಗೆ ರಿಯಾಯಿತಿಯನ್ನು ತಡೆಹಿಡಿಯಲಾಗಿದೆ.' ನಾನು ಪತ್ರವನ್ನು ಮಡಚಿ ಕಿಸೆಗೆ ಹಾಕಿಕೊಳ್ಳುವಷ್ಟರಲ್ಲಿ ಗಿರಿಜಾ ಕೈ ಚಾಚಿದಳು. ಈ ಭಾಷೆಯನ್ನು ಆಕೆ ಸಂಜೆ ತರಗತಿಗಳಲ್ಲಿ ನನಗಿಂತ ಚೆನ್ನಾಗಿ ಕಲಿತಿದ್ದಾಳೆ. ಮೊದಲಿನಿಂದ ಕೊನೆಯವರೆಗೆ ಓದಿ, ಪತ್ರ ಮೇಜಿನ ಮೇಲಿಟ್ಟಳು.

"ಮನೀಗೂ ಜೂನ್ ಒಂದ ಹಚ್ಚಿದ್ರೇನು?"

"ಮಂಜುನಾಥ ಹೇಳಿದ..."

"ಮಂಜುನಾಥ ಈ ಓಣ್ಯಾಗ ಹುಟ್ಯಾನೇನು? ಮನಿ ಯಾವಾಗ ಕಟ್ಟಿದ್ರು ಅಂತ ಫ್ರೌ ಕ್ರೇಮರ್ ಅವರನ್ನ ಒಂದ ಮಾತು ಕೇಳಿದ್ರೇನು?"

"ಅವರಿಗೇನು ಗೊತ್ತಿರತೈತಿ?"

ಗಿರಿಜಾ ನನ್ನನ್ನು ಎಷ್ಟು ಹೊತ್ತು ನೋಡಿದಳೆಂದರೆ, ಒಲೆಯ ಮೇಲಿನ ಹಾಲು ಉಕ್ಕಿತು. "ಚಳಿಗಾಲದಿಂದ ಬೇಲಿ ಕಡೆ ನಿಂತು ಆಕಿ ನನಗ ಅದನ್ನ ಹೇಳಾಕತ್ಯಾಳ. ಈ ಮನಿ ಪಾಯಾ ತಗಿಯೂ ದಿನಾ ಆಕಿ ಎಂಟ ವರ್ಷದಾಕಿ. ಅವರಪ್ಪನ ಮೊದಲ ಸಲಿಕಿ ಹಾಕಿದ್ದು. ನಿಮಗೂ ಹೇಳೀನಿ, ಒಂದಲ್ಲ, ಹತ್ತ ಸಲ. ನೀವು 'ಹೂಂ, ಹೂಂ' ಅಂತ ಆ ಅಳಿಲಿನ ಮಾರಿ ನೋಡಕೊಂತ ಕುಂತಿದ್ರಿ."

ಮರುದಿನ ಫ್ರೌ ಕ್ರೇಮರ್ ಬಂದರು. ರೊಟ್ಟಿಗಾಗಿ ಬೇಲಿಗೆ ಬರುವ ಅಂಗಿಯಲ್ಲಲ್ಲ. ಬ್ರೋಚ್ ಚುಚ್ಚಿದ ಕೋಟು ತೊಟ್ಟು, ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ ಹಿಡಿದು, ಮುಂಬಾಗಿಲಿನಿಂದ. ಈ ಹದಿನೆಂಟು ಮನೆಗಳನ್ನು ಕಾರ್ಖಾನೆಯೊಂದರ ಹದಿನೆಂಟು ಕೆಲಸಗಾರರು, ಕೆಲಸ ಮುಗಿದ ಮೇಲೆ ಮತ್ತು ಶನಿವಾರಗಳಲ್ಲಿ, ಒಟ್ಟಾಗಿ ತಮ್ಮ ಕೈಯಿಂದಲೇ ಕಟ್ಟಿದರಂತೆ. ಯಾವ ಮನೆ ಯಾರಿಗೆ ಎಂದು ಚೀಟಿ ಎತ್ತಿದ್ದು ಹದಿನೆಂಟೂ ಮುಗಿದ ಮೇಲೆ. "ಆದ್ದರಿಂದ ಎಲ್ಲ ಗೋಡೆಗಳೂ ನೆಟ್ಟಗಿವೆ," ಎಂದು ಅವರು ನಮ್ಮ ಗೋಡೆಯನ್ನು ಹಸುವಿನ ಬೆನ್ನು ಸವರುವಂತೆ ಸವರಿದರು. ಡಬ್ಬಿಯಿಂದ ತೆಗೆದ ಫೋಟೋದಲ್ಲಿ ಬರೀ ಮಣ್ಣು, ಟೋಪಿ ತೊಟ್ಟ ಗಂಡಸರು, ಒಂದು ಸಲಿಕೆ, ಸಲಿಕೆಗಿಂತ ಸ್ವಲ್ಪವೇ ಎತ್ತರದ ಒಬ್ಬ ಹುಡುಗಿ. ಹಿಂದೆ ಪೆನ್ಸಿಲಿನಲ್ಲಿ ಏಪ್ರಿಲ್ ತಿಂಗಳ ಒಂದು ಶನಿವಾರದ ತಾರೀಖು, ಇಸವಿಯ ಸಮೇತ, ಕೆಳಗೆ ಹದಿನೆಂಟು ಸಹಿ. ಪಾಯ ತೆಗೆದವರೆಲ್ಲ ಸಾಕ್ಷಿ ಹಾಕಿದ ಜನನ ಪತ್ರ! ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಫ್ರೌ ಕ್ರೇಮರ್ ಖುಷಿಯಲ್ಲಿ ಕಾಫಿ ಕಲಕುತ್ತ, "ಮನೆಯ ಹುಟ್ಟುಹಬ್ಬ ಗೊತ್ತಾಯಿತು. ನಿಮ್ಮದು ಯಾವಾಗ?" ಎಂದು ಕೇಳಿದರು.

"ಜೂನ್ ಒಂದು," ಎಂದೆ. ಅಭ್ಯಾಸಬಲ. ಗಿರಿಜಾ ಕೆಮ್ಮಿದಳು. ಮುದುಕಿ ಕೈಚೀಲದಿಂದ ಪುಟ್ಟ ಡೈರಿ ತೆಗೆದು ಅದನ್ನು ಬರೆದುಕೊಂಡರು. ಜೂನ್ ಒಂದರ ಬೆಳಿಗ್ಗೆ ಚೆರ್ರಿ ಹಣ್ಣಿನ ಕೇಕು ಮಾಡಿಕೊಂಡು ಬಂದರು. ಅಪ್ಪ ಅವ್ವ ಎಂದೂ ಆಚರಿಸದ ಆ ದಿನ ನನಗೆ ಶುಭಾಶಯ ಹೇಳಿದವರು ಇಬ್ಬರೇ, ಫ್ರೌ ಕ್ರೇಮರ್ ಮತ್ತು ಇ-ಮೇಲಿನಲ್ಲಿ ಅಳಿಲು. ಅಳಿಲಿಗೆ ಸುಳ್ಳು ಹೇಳಿದ್ದರ ಬಗ್ಗೆ ನನಗೆ ಬೇಸರವಿಲ್ಲ. ಆ ಕೇಕಿನ ಎರಡನೆಯ ತುಂಡನ್ನು ಮಾತ್ರ ಗಿರಿಜಾಳ ತಟ್ಟೆಗೆ ದಾಟಿಸಿದೆ.

ತೆರಿಗೆ ಕಚೇರಿ ಫೋಟೋವನ್ನು ಒಪ್ಪಿಕೊಂಡಿತು. 'ದಿನಾಂಕವನ್ನು ತಿದ್ದಲಾಗಿದೆ; ಇನ್ನು ಮುಂದೆ ಊಹೆಯ ಮಾಹಿತಿ ನೀಡಬಾರದು,' ಎಂದು ನನ್ನಂಥ ಅರವತ್ತರ ಅಂಚಿನವನಿಗೆ ಶಾಲಾ ಹುಡುಗನಿಗೆ ಬರೆದಂತೆ ಬರೆದು, ರಿಯಾಯಿತಿಯ ಮೊದಲ ಕಂತು ಕೊಟ್ಟಿತು. ಮೂರು ವರ್ಷಗಳ ಕಂತು ಎಂಬುದನ್ನು ನಾನು ಬಾಣ ಎಳೆದು ತೋರಿಸಿದ ದಿನ ಸ್ವಲ್ಪ ಮೆಲ್ಲಗೆ ಹೇಳಿದ್ದೆ. ಆದ್ದರಿಂದ ನಮ್ಮ ಅಡುಗೆಮನೆಯೂ ಕಂತಿನಲ್ಲಿ ಬರುತ್ತಿದೆ. ಮೊದಲನೆಯದರಲ್ಲಿ ಸಿಂಕು ಬಂತು. ಎರಡನೆಯದರಲ್ಲಿ ಕಪಾಟು ಬರಬೇಕು. ಮೂರನೆಯದರಲ್ಲಿ ಒಲೆ. ಆ ಒಲೆ ವಿದ್ಯುತ್ತಿನದು, ಅದರ ಮೇಲೆ ರೊಟ್ಟಿ ಉಬ್ಬುವುದಿಲ್ಲ ಎಂಬುದನ್ನು ನಾನಿನ್ನೂ ಗಿರಿಜಾಳಿಗೆ ಹೇಳಿಲ್ಲ. ತನಗದು ಗೊತ್ತಿದೆ ಎಂಬುದನ್ನು ಆಕೆಯೂ ನನಗೆ ಹೇಳಿಲ್ಲ.

ಕಳೆದ ಶನಿವಾರ ಎರಡನೆಯ ಕಂತಿಗಾಗಿ ಮತ್ತೆ ಅಳಿಲಿನ ಮುಂದೆ ಕುಳಿತೆ. 'ಅಯ್ಯೋ! ಕಳೆದ ವರ್ಷದ ಮಾಹಿತಿ ತರಲಾಗಲಿಲ್ಲ. ಕಟ್ಟಡದ ಆರಂಭದ ದಿನಾಂಕ ಬರೆಯಿರಿ,' ಎಂದಿತು. ನಾನು ಫೋಟೋದ ಹಿಂಬದಿ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಏಪ್ರಿಲಿನ ಆ ಶನಿವಾರವನ್ನು ಅಂಕಿ ಅಂಕಿಯಾಗಿ ಬರೆದೆ. ತಕ್ಷಣ ಹಳದಿ ಪಟ್ಟಿ: 'ಕಳೆದ ವರ್ಷ ನೀವು ಜೂನ್ ಒಂದು ಎಂದಿದ್ದಿರಿ. ಯಾವುದು ನಿಜ?' ಕಳೆದ ವರ್ಷದ್ದೆಲ್ಲ ಮರೆತ ಪ್ರಾಣಿ ನನ್ನ ಸುಳ್ಳೊಂದನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿತ್ತು. ಫೋಟೋ ಸೇರಿಸಿದೆ, ವಿವರಣೆ ಸೇರಿಸಿದೆ, ಹದಿನೆಂಟು ಸಹಿಗಳ ಕಥೆ ಬರೆದೆ. ಪಟ್ಟಿ ಹಳದಿಯಾಗಿಯೇ ಉಳಿಯಿತು. ಬೇಸರದಿಂದ ಪುಟದ ಮೇಲ್ತುದಿಗೆ ಹೋದರೆ, ಅಲ್ಲಿ ನನ್ನ ಹೆಸರಿನ ಪಕ್ಕದಲ್ಲಿ, ಸರ್ಕಾರವೇ ತಂದು ತುಂಬಿದ ಜೂನ್ ಒಂದು, ಹಸಿರು ಗುರುತಿನೊಂದಿಗೆ ತಣ್ಣಗೆ ಕುಳಿತಿತ್ತು. ಯಾಕೋ ಏನೋ, ಅದರ ಮೇಲೆ ಒತ್ತಿ ನೋಡಿದೆ. 'ಈ ಮಾಹಿತಿ ದೃಢಪಟ್ಟಿದೆ. ನೀವು ಇದನ್ನು ಬದಲಾಯಿಸಲಾಗದು,' ಎಂದಿತು ಅಳಿಲು.

ಹಿತ್ತಲಿನಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. "ರೊಟ್ಟಿ ಆರಾಕತ್ತಾವ್ರೀ, ಬರ್ರಿ! ಫ್ರೌ ಕ್ರೇಮರೂ ಬಂದಾರ," ಎಂದು ಗಿರಿಜಾ ಕೂಗಿದಳು. "ಹಸಿರಾತೇನು?"

"ನಂದು ಹಸಿರೈತಿ. ಮನೀದು ಇಲ್ಲ," ಎಂದೆ.

"ಇದು ಜರ್ಮನಿ," ಎಂದಳು ಗಿರಿಜಾ.

ನಾನು ಎದ್ದು ಹೋಗಿ ಹೊಸ ಸಿಂಕಿನಲ್ಲಿ ಕೈ ತೊಳೆದುಕೊಂಡೆ. ಸದ್ಯಕ್ಕೆ ನಮ್ಮ ಅಡುಗೆಮನೆಯಲ್ಲಿ ಸರಾಗವಾಗಿ ಮಾಡಬಹುದಾದ ಕೆಲಸ ಅದೊಂದೇ.